ತಲೆ ಚುರುಕಾಗಿದ್ದೂ ಬದುಕು ಮುಂದೆ ಹೋಗದಿದ್ದರೆ ಏನು ಮಾಡಬೇಕು?

ಶಾಲೆಯಲ್ಲಿ ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ತಿರುವಿ ಹಾಕಿದರೆ ಸಾಕಿತ್ತು, ಮಾರ್ಕ್ಸ್ ಬರುತ್ತಿತ್ತು. ಎಲ್ಲರೂ ಜಾಣ, ಜಾಣೆ ಅಂತ ಹೊಗಳಿದರು. ಈಗ ನೋಡಿದರೆ ಆಗ ಹಿಂದಿನ ಬೆಂಚಿನಲ್ಲಿದ್ದವರು ಎಲ್ಲೋ ಹೋಗಿ ಮುಟ್ಟಿದ್ದಾರೆ, ನಿಮ್ಮ ಹತ್ತಿರ ಮಾತ್ರ ಅರ್ಧಕ್ಕೆ ಬಿಟ್ಟ ಕೆಲಸಗಳ ರಾಶಿ ಇದೆ. ಹಾಗಿದ್ದರೆ ಮುಂದೆ ಓದಿ.

ಮೊದಲು ಒಂದು ಮಾತು. ಬುದ್ಧಿ ಯಾವುದಕ್ಕೂ ಬರುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಐಕ್ಯೂ, ಅಂದರೆ ಬುದ್ಧಿ ಅಳೆಯುವ ಪರೀಕ್ಷೆಯ ಅಂಕ, ಜಾಸ್ತಿ ಇದ್ದವರು ಸರಾಸರಿಯಲ್ಲಿ ಬೇಗ ಕಲಿಯುತ್ತಾರೆ, ಓದಿನಲ್ಲೂ ಕೆಲಸದಲ್ಲೂ ಸ್ವಲ್ಪ ಮುಂದಿರುತ್ತಾರೆ. ಆದರೆ ಸರಾಸರಿ ಅಂದರೆ ಗ್ಯಾರಂಟಿ ಅಲ್ಲ, ಅಲ್ವಾ?

ಇದನ್ನು ಬಹಳ ಹಿಂದೆಯೇ ಒಬ್ಬರು ನೋಡಿಯಾಗಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದ ಲೂಯಿಸ್ ಟರ್ಮನ್ ಎಂಬ ಮನಶ್ಶಾಸ್ತ್ರಜ್ಞ 1921ರಲ್ಲಿ ಐಕ್ಯೂ ತುಂಬಾ ಹೆಚ್ಚಿದ್ದ 1,500ಕ್ಕೂ ಹೆಚ್ಚು ಮಕ್ಕಳನ್ನು ಆರಿಸಿ, ಅವರು ದೊಡ್ಡವರಾಗಿ ಏನಾಗುತ್ತಾರೆ ಅಂತ ಹಿಂಬಾಲಿಸಲು ಶುರು ಮಾಡಿದರು. ಅವರಲ್ಲಿ ಹಲವರು ಪ್ರೊಫೆಸರ್, ಡಾಕ್ಟರ್, ವಕೀಲರಾದರು. ಕೆಲವರು ಸಾಧಾರಣ ಗುಮಾಸ್ತರಾದರು. ನೊಬೆಲ್ ಒಬ್ಬರಿಗೂ ಬರಲಿಲ್ಲ. ಇನ್ನೂ ತಮಾಷೆ ಅಂದರೆ, ಅದೇ ಪರೀಕ್ಷೆ ಬರೆದು ಅಂಕ ಸಾಲದೆ ಹೊರಗುಳಿದ ಇಬ್ಬರು ಹುಡುಗರಿದ್ದರು. ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವರೆಜ್. ಒಬ್ಬರಿಗೆ 1956ರಲ್ಲಿ, ಇನ್ನೊಬ್ಬರಿಗೆ 1968ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು.

ಟರ್ಮನ್ ತಂಡ ಆಮೇಲೆ ಆ ಗುಂಪಿನ ಗಂಡಸರಲ್ಲಿ ತುಂಬಾ ಮುಂದೆ ಬಂದವರನ್ನೂ ಹಿಂದೆ ಬಿದ್ದವರನ್ನೂ ಹೋಲಿಸಿ ನೋಡಿತು. ಐಕ್ಯೂನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಎದ್ದು ಕಂಡದ್ದು ಬೇರೆ: ಹಿಡಿದ ಕೆಲಸ ಬಿಡದ ಗುಣ, ತನ್ನ ಮೇಲಿನ ನಂಬಿಕೆ, ಗುರಿಯ ಕಡೆ ಗಮನ. ಮನೆಯ ಹಿನ್ನೆಲೆಯೂ ಲೆಕ್ಕಕ್ಕೆ ಬಂದಿತ್ತು, ಅದನ್ನು ಮರೆಯಬಾರದು.

ಹಾಗಾದರೆ ಜಾಣರು ಎಲ್ಲಿ ಎಡವುತ್ತಾರೆ? ನನ್ನ ಪ್ರಕಾರ ಮುಖ್ಯ ಕಾರಣ ಒಂದೇ. ಎಲ್ಲವೂ ಸುಲಭವಾಗಿ ಬಂದದ್ದರಿಂದ, ಕಷ್ಟ ಬಂದಾಗ ಅಲ್ಲೇ ಕೂತಿರುವ ಅಭ್ಯಾಸವೇ ಆಗಿರುವುದಿಲ್ಲ. 1998ರಲ್ಲಿ ಮನಶ್ಶಾಸ್ತ್ರಜ್ಞರಾದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಪ್ರಕಟಿಸಿದ ಅಧ್ಯಯನದಲ್ಲಿ ಐದನೇ ತರಗತಿಯ ಮಕ್ಕಳಿಗೆ ಆಕೃತಿಗಳ ಒಗಟುಗಳನ್ನು ಕೊಟ್ಟು, ಕೆಲವರಿಗೆ 'ನೀನು ಬುದ್ಧಿವಂತ' ಅಂತಲೂ ಕೆಲವರಿಗೆ 'ಚೆನ್ನಾಗಿ ಶ್ರಮ ಪಟ್ಟೆ' ಅಂತಲೂ ಹೊಗಳಿದ್ದರು. ಮುಂದೆ ಕಷ್ಟದ ಒಗಟು ಕೊಟ್ಟು ಸೋಲಿಸಿದಾಗ ಬುದ್ಧಿಗೆ ಹೊಗಳಿಸಿಕೊಂಡವರ ಉತ್ಸಾಹ ಬೇಗ ಇಳಿಯಿತು, ಆಮೇಲಿನ ಸುಲಭದ ಒಗಟುಗಳಲ್ಲೂ ಅವರು ಹಿಂದೆ ಬಿದ್ದರು. ಅವರಲ್ಲಿ ಎಷ್ಟೋ ಮಂದಿ ತಮ್ಮ ಅಂಕದ ಬಗ್ಗೆ ಸುಳ್ಳೂ ಹೇಳಿದರು, ಪಾಪ.

ಆದ್ದರಿಂದ ಮೊದಲು ಮಾಡಬೇಕಾದದ್ದು ಸಿಕ್ಕಿಹಾಕಿಕೊಂಡು ಕೂರುವ ಅಭ್ಯಾಸ. ಒಂದು ಲೆಕ್ಕ ಬಿಡಿಸುವ ವಿಡಿಯೋ ನೋಡುತ್ತೀರಿ ಅಂತಿಟ್ಟುಕೊಳ್ಳಿ. ಪ್ರತಿ ಸಾಲಿಗೂ ತಲೆ ಆಡಿಸುತ್ತೀರಿ, ಎಲ್ಲಾ ಗೊತ್ತಾಯಿತು ಅನ್ನಿಸುತ್ತದೆ. ಈಗ ವಿಡಿಯೋ ಮುಚ್ಚಿ, ಖಾಲಿ ಹಾಳೆ ತೆಗೆದು ಅದೇ ಲೆಕ್ಕ ನೀವೇ ಮಾಡಿ. ಎರಡನೇ ಸಾಲಿಗೇ ಪೆನ್ನು ನಿಲ್ಲುತ್ತದೆ. ಆಗ ಒಂಥರಾ ಅವಮಾನ ಆದ ಹಾಗೆ ಆಗಿ, ಕೈ ತಾನಾಗಿಯೇ ಇನ್ನೊಂದು ವಿಡಿಯೋ ಹುಡುಕಲು ಹೋಗುತ್ತದೆ, ಯಾಕೆಂದರೆ ನೋಡುವಾಗ ನೀವು ಜಾಣರು, ಮಾಡುವಾಗ ಅಲ್ಲ. ಹೋಗಬೇಡಿ. ಇಪ್ಪತ್ತು ನಿಮಿಷ ಅಲ್ಲೇ ಒದ್ದಾಡಿ. ಆಮೇಲೆ ಉತ್ತರ ನೋಡಿ, ಮರುದಿನ ಮತ್ತೆ ಖಾಲಿ ಹಾಳೆಯಿಂದ ಶುರು ಮಾಡಿ. ಲೆಕ್ಕ ಅಂತಲ್ಲ, ಭಾಷೆ, ಸಂಗೀತ, ಕೋಡಿಂಗ್, ಎಲ್ಲಕ್ಕೂ ಇದೇ ದಾರಿ.

ಇನ್ನೊಂದು, ಮುಗಿಸುವುದು. ಅರ್ಧಕ್ಕೆ ನಿಂತ ಕೆಲಸಗಳಲ್ಲಿ ಒಂದನ್ನು ಮಾತ್ರ ಆರಿಸಿ. ಉಳಿದವನ್ನು ಸದ್ಯಕ್ಕೆ ಮರೆತುಬಿಡಿ. ಇನ್ನೊಬ್ಬರ ಕೈಗೆ ತಲುಪಿದರೆ ಮಾತ್ರ ಮುಗಿದ ಹಾಗೆ, ನಿಮ್ಮ ತಲೆಯಲ್ಲಿ ಮುಗಿದಿದ್ದರೆ ಲೆಕ್ಕಕ್ಕಿಲ್ಲ. ಚೆನ್ನಾಗಿಲ್ಲ ಅನ್ನಿಸಿದರೂ ಕಳಿಸಿ. ಬುದ್ಧಿವಂತರಿಗೆ ಇದು ಹಿಂಸೆ, ಯಾಕೆಂದರೆ ಕಳಿಸದೇ ಇರುವ ತನಕ ಅದು ಅದ್ಭುತವಾಗಿಯೇ ಇರುತ್ತದೆ!

ಯಾವಾಗ ಮಾಡುತ್ತೀರಿ ಅನ್ನುವುದನ್ನೂ ಗಟ್ಟಿ ಮಾಡಿಕೊಳ್ಳಿ. 'ಈ ವಾರ ಬರೀಬೇಕು' ಅಂದರೆ ಆಗುವ ಮಾತಲ್ಲ. 'ರಾತ್ರಿ ಒಂಬತ್ತು ಹೊಡೆದ ತಕ್ಷಣ ಫೋನ್ ಬೇರೆ ಕೋಣೆಯಲ್ಲಿಟ್ಟು ಮೂರನೇ ಪುಟ ಬರೆಯುತ್ತೇನೆ' ಅನ್ನಿ. ಪೀಟರ್ ಗೋಲ್‌ವಿಟ್ಸರ್ ಎಂಬ ಮನಶ್ಶಾಸ್ತ್ರಜ್ಞರು ಇಂಥ ಯೋಜನೆಗಳ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಬರೀ ಆಸೆಗಿಂತ ಇದು ಚೆನ್ನಾಗಿ ಕೆಲಸ ಮಾಡುತ್ತದೆ.

ಜಾಣನಿಗೆ ಮಾತಿನ ಪೆಟ್ಟು ಸಾಕು ಅಂತಾರೆ. ನಾನು ನೋಡಿದ ಎಷ್ಟೋ ಜಾಣರಿಗೆ ಆ ಪೆಟ್ಟನ್ನೇ ತಡೆದುಕೊಳ್ಳಲು ಆಗುವುದಿಲ್ಲ. ಮೀಟಿಂಗ್‌ನಲ್ಲಿ ಬೇರೆಯವರ ತಪ್ಪನ್ನು ಎಲ್ಲರ ಮುಂದೆ ಎತ್ತಿ ಹಿಡಿಯುತ್ತಾರೆ, ತಮ್ಮದನ್ನು ಯಾರಾದರೂ ಹೇಳಿದರೆ ಮುಖ ಗಂಟು ಹಾಕಿಕೊಳ್ಳುತ್ತಾರೆ. ವಾದ ಗೆಲ್ಲುತ್ತಾರೆ, ಆದರೆ ಮುಂದಿನ ಸಲ ಜೊತೆಗೆ ಬರುವವರು ಇರುವುದಿಲ್ಲ. ತಪ್ಪು ಕಂಡರೆ ಪಕ್ಕಕ್ಕೆ ಕರೆದು ಹೇಳಿ. ನಿಮ್ಮದನ್ನು ಯಾರಾದರೂ ಹೇಳಿದರೆ ಆ ದಿನ ಉತ್ತರ ಕೊಡಬೇಡಿ, ಬರೆದಿಟ್ಟುಕೊಂಡು ಬೆಳಿಗ್ಗೆ ಓದಿ.

ದೊಡ್ಡ ನಿರ್ಧಾರಗಳಲ್ಲಂತೂ ಹುಷಾರು. ಬುದ್ಧಿ ಜಾಸ್ತಿ ಇದ್ದಷ್ಟೂ ತಪ್ಪು ನಿರ್ಧಾರಕ್ಕೂ ಒಳ್ಳೊಳ್ಳೆ ಸಮರ್ಥನೆ ಹುಟ್ಟಿಸಬಹುದು. ಅಮೆರಿಕದ ಲಾಂಗ್ ಟರ್ಮ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್ ಎಂಬ ಹೂಡಿಕೆ ಸಂಸ್ಥೆಯಲ್ಲಿ ರಾಬರ್ಟ್ ಮೆರ್ಟನ್, ಮೈರನ್ ಶೋಲ್ಸ್ ಪಾಲುದಾರರಾಗಿದ್ದರು. ಇಬ್ಬರಿಗೂ 1997ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಮರುವರ್ಷವೇ, ವಿಪರೀತ ಸಾಲದ ಮೇಲೆ ನಿಂತಿದ್ದ ಆ ಸಂಸ್ಥೆ ಕೆಲವೇ ತಿಂಗಳಲ್ಲಿ 400 ಕೋಟಿ ಡಾಲರ್‌ಗೂ ಹೆಚ್ಚು ಕಳೆದುಕೊಂಡಿತು. ಹಾಗಾಗಿ ನಿರ್ಧಾರಕ್ಕೆ ಮೊದಲೇ ಒಂದು ಚೀಟಿಯಲ್ಲಿ ಬರೆದಿಡಿ: ಎಷ್ಟು ನಷ್ಟವಾದರೆ ನಿಲ್ಲಿಸುತ್ತೇನೆ, ಏನು ಕಂಡರೆ ಮನಸ್ಸು ಬದಲಿಸುತ್ತೇನೆ. ಅದನ್ನು ನಿಮಗೆ ಹೌದಪ್ಪ ಅನ್ನದ ಒಬ್ಬರಿಗೆ ತೋರಿಸಿ.

ಇಷ್ಟೆಲ್ಲ ಮಾಡಿದರೂ ಅದೃಷ್ಟ, ದುಡ್ಡು, ಆರೋಗ್ಯ ಕೈ ಕೊಡಬಹುದು. ಅದಕ್ಕೆ ನಿಮ್ಮನ್ನೇ ಬೈದುಕೊಂಡು ಪ್ರಯೋಜನವಿಲ್ಲ. ಆದರೆ ಚಿಕ್ಕಂದಿನಿಂದಲೂ ಕೆಲಸ ಶುರು ಮಾಡುವುದೇ ಕಷ್ಟ, ಗಮನ ನಿಲ್ಲುವುದೇ ಇಲ್ಲ, ವಸ್ತುಗಳೂ ದಿನಾಂಕಗಳೂ ತಪ್ಪಿ ಹೋಗುತ್ತಲೇ ಇವೆ ಅಂತಾದರೆ ಅದು ಸೋಮಾರಿತನ ಅಲ್ಲದೇ ಇರಬಹುದು. ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಚಡಪಡಿಕೆಯ ತೊಂದರೆ, ಇದ್ದೂ ಬುದ್ಧಿಯ ಬಲದಿಂದ ಶಾಲೆ ದಾಟಿಬಿಡುವವರಿದ್ದಾರೆ, ಅದಕ್ಕೇ ಯಾರ ಕಣ್ಣಿಗೂ ಬಿದ್ದಿರುವುದಿಲ್ಲ. ಮನೋವೈದ್ಯರನ್ನು ಕಂಡು ಪರೀಕ್ಷೆ ಮಾಡಿಸಿ. ಹೋಗುವಾಗ ಹಳೆಯ ಶಾಲಾ ವರದಿಗಳಿದ್ದರೆ ತೆಗೆದುಕೊಂಡು ಹೋಗಿ, ಮಾರ್ಕ್ಸ್‌ಗಿಂತ ಪಕ್ಕದಲ್ಲಿ ಟೀಚರ್ ಬರೆದ ಷರಾ ಅವರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.