ಡ್ರಾಯರ್ ತಳಕ್ಕೆ ರೌಟರ್‌ನಲ್ಲಿ ಮೊದಲ ಗ್ರೂವ್

ಮನೆಯಲ್ಲಿ 18 ಮಿ.ಮೀ. ದಪ್ಪದ ಹಲಸಿನ ಹಲಗೆಗಳು ಬಿದ್ದಿದ್ದವು. ಡ್ರಾಯರ್ ಮಾಡಿ, ತಳಕ್ಕೆ 6 ಮಿ.ಮೀ. ಪ್ಲೈವುಡ್ ಕೂರಿಸೋಣ ಅಂತ ಸಣ್ಣ ಟ್ರಿಮ್ ರೌಟರ್ ತಂದೆ, ಮರದಲ್ಲಿ ಉದ್ದಕ್ಕೆ ಕಾಲುವೆಯಂಥ ಗ್ರೂವ್ ಕೊರೆಯುವ ಮೆಷಿನ್ನು. ಮೊದಲ ಗ್ರೂವ್ ಹಾವು ಹರಿದ ಹಾಗೆ ಬಂತು. ಕೈ ನಡುಗಿತು ಅಂದುಕೊಂಡೆ. ಆದರೆ ತಪ್ಪು ಕೈಯದಲ್ಲ, ಮೆಷಿನ್ನು ನೆಟ್ಟಗೆ ಹೋಗಲೆಂದು ಆಸರೆಗೆ ಪಟ್ಟಿಯನ್ನು ಕಟ್ಟಿದ ಬದಿಯದು.

ಮೊದಲು ಬಿಟ್, ಅಂದರೆ ಕೊರೆಯುವ ಅಲಗು, ಹಾಕಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ಕಿತ್ತಿಡಿ. ಬಿಟ್ಟನ್ನು ಹಿಡಿಯುವ ಕಾಲೆಟ್ ಕಾಲಿಂಚಿನದಾದರೆ ಅದು 6.35 ಮಿ.ಮೀ. ಅದಕ್ಕೆ 6 ಮಿ.ಮೀ. ದಪ್ಪದ ಹಿಡಿಕಡ್ಡಿ (ಶ್ಯಾಂಕ್) ಇರುವ ಬಿಟ್ ಹಾಕಬೇಡಿ, ಓಡುವಾಗ ಜಾರುತ್ತದೆ. ಬಿಟ್ಟನ್ನು ಪೂರ್ತಿ ಒಳಗೆ ತಳ್ಳಿ, ಎರಡು ಮಿ.ಮೀ. ಹೊರಗೆಳೆದು ಬಿಗಿ ಮಾಡಿ.

ಈಗ ಪಟ್ಟಿ. ನೇರವಾದ ಒಂದು ರಿಪೀಸನ್ನು ಎರಡೂ ತುದಿಗೆ ಕ್ಲ್ಯಾಂಪ್ ಹಾಕಿ ಕಟ್ಟಿ. ರೌಟರನ್ನು ನಿಮ್ಮಿಂದ ಮುಂದಕ್ಕೆ ತಳ್ಳುವಾಗ ಅದು ಎಡಗಡೆ ಇರಬೇಕು. ಮೇಲಿಂದ ನೋಡಿದರೆ ಬಿಟ್ ಗಡಿಯಾರದ ಮುಳ್ಳಿನ ಹಾಗೆ ತಿರುಗುತ್ತದೆ. ಮುಂದಿನ ಮರವನ್ನು ಬಲಕ್ಕೆ ಕೆರೆಯುತ್ತದೆ, ಅದರಿಂದ ಮೆಷಿನ್ನು ಎಡಕ್ಕೆ ಜಗ್ಗುತ್ತದೆ. ಎಡಕ್ಕೆ ಪಟ್ಟಿ ಇದ್ದರೆ ಅದಕ್ಕೇ ಒತ್ತಿಕೊಂಡು ನೆಟ್ಟಗೆ ಹೋಗುತ್ತದೆ. ನಾನು ಬಲಕ್ಕೆ ಕಟ್ಟಿದ್ದೆ!

ಪಟ್ಟಿ ಎಷ್ಟು ದೂರ ಇರಬೇಕು ಅಂತ ಲೆಕ್ಕ ಹಾಕುತ್ತಾ ಕೂರಬೇಡಿ. ಬೇಡದ ತುಂಡಿನ ಮೇಲೆ ಒಮ್ಮೆ ಹೊಡೆದು, ಪಟ್ಟಿಯಿಂದ ಗ್ರೂವ್‌ವರೆಗೆ ಅಳೆದುಕೊಳ್ಳಿ. ನನ್ನ ಗ್ರೂವ್ ಕೆಳಗಿನ ಅಂಚಿನಿಂದ 10 ಮಿ.ಮೀ. ಮೇಲೆ. ಅಷ್ಟು ಅಂಚಿನಲ್ಲಿ ರೌಟರಿನ ಬೇಸ್‌ನ ಒಂದು ಭಾಗ ಗಾಳಿಯಲ್ಲಿರುತ್ತದೆ, ವಾಲುತ್ತದೆ. ಅದೇ ದಪ್ಪದ ಇನ್ನೊಂದು ಹಲಗೆಯನ್ನು ಪಕ್ಕಕ್ಕೆ ಆಸರೆಯಾಗಿ ಕಟ್ಟಿ.

ಆಳ 6 ಮಿ.ಮೀ. ಸಾಕು, ಹಲಗೆಯ ಮೂರನೇ ಒಂದು ಭಾಗ. ಒಂದೇ ಸಲ ಇಳಿಸಬೇಡಿ. ಮೂರು ಮಿ.ಮೀ. ಹೊಡೆದು, ಹೊಟ್ಟು ಗುಡಿಸಿ, ಮತ್ತೆ ಮೂರು. ಒಂದೇ ಏಟಿಗೆ ಮುಗಿಸಲು ಹೋದಾಗ ನನ್ನ ಹಲಗೆ ಸುಟ್ಟು ಕಪ್ಪಾಗಿತ್ತು. ತುಂಬಾ ನಿಧಾನ ಮಾಡಿದರೂ ಸುಡುತ್ತದೆ, ನಡುವೆ ನಿಲ್ಲಿಸಬೇಡಿ. ಕನ್ನಡಕ, ಮಾಸ್ಕ್ ಹೇಗೂ ಹಾಕಿರುತ್ತೀರಿ ಅಲ್ವಾ? ಹೆಗಲ ಮೇಲಿನ ಟವೆಲ್ ಮಾತ್ರ ಮರೆತುಹೋಗುತ್ತದೆ, ಅದನ್ನೂ ತೆಗೆದಿಡಿ.

6 ಮಿ.ಮೀ. ಅಂತ ಕೊಟ್ಟ ನನ್ನ ಪ್ಲೈ ಅಳೆದರೆ ಐದೂವರೆ ಇತ್ತು. ಸ್ವಲ್ಪ ಸಡಿಲ, ನಡೆಯುತ್ತದೆ. ಡ್ರಾಯರ್ ಒಳಗಿನ ಅಗಲ 300 ಇದ್ದರೆ ಪ್ಲೈ 310 ಕತ್ತರಿಸಿ. ಎರಡೂ ಬದಿಯ ಗ್ರೂವ್‌ನ ಆಳ ಆರಾರು ಪೂರ್ತಿ ಸೇರಿಸಿ 312 ಮಾಡಿದರೆ ಮೂಲೆ ಕೂಡುವುದಿಲ್ಲ.

ಹಾವಿನ ಗ್ರೂವ್ ಬಿದ್ದ ಹಲಗೆಯನ್ನು ಎಸೆದಿಲ್ಲ. ಈಗ ಪಕ್ಕಕ್ಕೆ ಕಟ್ಟುವ ಆಸರೆ ಹಲಗೆ ಅದೇ.