ಎದೆಯುರಿಗೆ ಮಾತ್ರೆ ಕೊಡುವ ಮೊದಲು ಮಾತ್ರೆ ಚೀಲ ನೋಡುತ್ತೇನೆ

ತೀರ್ಥಹಳ್ಳಿ ಕಡೆಯ ಮೆಡಿಕಲ್ ಅಂಗಡಿಯಲ್ಲಿ ದಿನಾ ಕೇಳಿಬರುವ ಮಾತು: "ಒಂದು ಗ್ಯಾಸ್ಟ್ರಿಕ್ ಮಾತ್ರೆ ಕೊಡಿ ಮಾರಾಯ್ರೆ, ಎದೆಯುರಿ ತಡೆಯಕ್ಕಾಗಲ್ಲ." ಕೊಟ್ಟು ಕಳಿಸುವುದು ಸುಲಭ. ನಾನು ಮಾತ್ರ ಮನೆಯಲ್ಲಿರುವ ಸ್ಟ್ರಿಪ್‌ಗಳನ್ನೆಲ್ಲ ತರಲು ಹೇಳುತ್ತೇನೆ. ಡಾಕ್ಟರ ಚೀಟಿಯೊಂದೇ ಸಾಲುವುದಿಲ್ಲ. ಪಕ್ಕದ ಮನೆಯವರು ಕೊಟ್ಟ ಮಂಡಿನೋವಿನ ಮಾತ್ರೆ ಚೀಟಿಯಲ್ಲಿ ಇರುವುದಿಲ್ಲವಲ್ಲ. ಎಲ್ಲವನ್ನೂ ಕೌಂಟರ್ ಮೇಲೆ ಹರವಿ ಮೂರು ಪಾಲು ಮಾಡುತ್ತೇನೆ. ಅನ್ನನಾಳದಲ್ಲಿ ಅಂಟಿಕೊಂಡು ಸುಡುವವು, ಜಠರದ ಒಳಪದರ ಕೆಡಿಸುವವು, ಅನ್ನನಾಳದ ಕೆಳಗಿನ ಬಾಗಿಲನ್ನು ಸಡಿಲ ಮಾಡುವವು. ಜನ ಮೂರನ್ನೂ 'ಉರಿ' ಎಂದೇ ಹೇಳುತ್ತಾರೆ, ಆದರೆ ಪರಿಹಾರ ಒಂದೊಂದಕ್ಕೆ ಒಂದೊಂದು.

ಮಳೆಗಾಲದಲ್ಲಿ ಮೊದಲ ಪಾಲಿನದೇ ಕಾಟ. ಗದ್ದೆ, ತೋಟದಲ್ಲಿ ಕೆಲಸ ಮಾಡುವವರಿಗೆ ಇಲಿಜ್ವರದ ಶಂಕೆಯಿದ್ದರೆ ಡಾಕ್ಟರು ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ ಬರೆಯುತ್ತಾರೆ. ಅದನ್ನು ಒಂದು ಗುಟುಕು ನೀರಿನಲ್ಲಿ ನುಂಗಿ ಹಾಸಿಗೆಗೆ ಹೋದರೆ ಕ್ಯಾಪ್ಸೂಲ್ ಅನ್ನನಾಳದ ಮಧ್ಯದಲ್ಲಿ ಅಂಟಿ ಕೂರುತ್ತದೆ. ಕರಗುವಾಗ ಆಮ್ಲ ಬಿಟ್ಟು ಅಲ್ಲೇ ಹುಣ್ಣು ಮಾಡುತ್ತದೆ. ಗುರುತು ಸ್ಪಷ್ಟ: ಮುನ್ನಾ ದಿನ ಏನೂ ಇಲ್ಲದವರಿಗೆ ಇದ್ದಕ್ಕಿದ್ದಂತೆ ಎದೆಮೂಳೆಯ ಹಿಂದೆ ನೋವು, ಉಗುಳು ನುಂಗಿದರೂ ಚುಚ್ಚುತ್ತದೆ. ಇದಕ್ಕೆ ಮುಂಜಾಗ್ರತೆಯೆಂದು ಪ್ಯಾಂಟೊಪ್ರಜೋಲ್ ನುಂಗಿ ಫಲವಿಲ್ಲ. ಅದು ಜಠರದ ಆಮ್ಲ ಇಳಿಸುತ್ತದೆಯೇ ಹೊರತು ಅಂಟಿಕೊಂಡ ಕ್ಯಾಪ್ಸೂಲನ್ನು ಕೆಳಗಿಳಿಸುವುದಿಲ್ಲ. ಮೊದಲು ಒಂದು ಗುಟುಕು ನೀರು ಕುಡಿದು ಗಂಟಲು ಒದ್ದೆ ಮಾಡಿಕೊಳ್ಳಬೇಕು. ಆಮೇಲೆ ಕ್ಯಾಪ್ಸೂಲ್, ಅದರ ಹಿಂದೆ ದೊಡ್ಡ ಲೋಟದ ತುಂಬ, ಅಂದರೆ 200 ಮಿ.ಲೀ.ಗಿಂತ ಕಡಿಮೆಯಿಲ್ಲದಂತೆ ನೀರು. ನುಂಗುವಾಗ ನೆಟ್ಟಗೆ ಕೂತಿರಬೇಕು, ಆಮೇಲೂ ಅರ್ಧ ಗಂಟೆಯಾದರೂ ಮಲಗಬಾರದು. ರಾತ್ರಿಯ ಡೋಸನ್ನು ಊಟದ ಜೊತೆಗೇ ಮುಗಿಸಲು ಹೇಳುತ್ತೇನೆ. ಹಾಲು, ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ, ಆಂಟಾಸಿಡ್ ಇವುಗಳಿಗೂ ಡಾಕ್ಸಿಸೈಕ್ಲಿನ್‌ಗೂ 2-3 ಗಂಟೆ ಅಂತರ ಬೇಕು, ಇಲ್ಲವಾದರೆ ಔಷಧಿ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಉರಿಯುತ್ತದೆಂದು ಮೇಲಿಂದ ಆಂಟಾಸಿಡ್ ಕುಡಿದು ಜ್ವರ ಇಳಿಯಲಿಲ್ಲ ಎನ್ನುವವರನ್ನು ನಾನು ಮೊದಲು ಕೇಳುವುದು ಇದನ್ನೇ.

ಮೂಳೆ ಸವೆತಕ್ಕೆ ವಾರಕ್ಕೊಮ್ಮೆ ಕೊಡುವ ಅಲೆಂಡ್ರೊನೇಟ್ 70 ಮಿ.ಗ್ರಾಂ ಇನ್ನೂ ಖಡಕ್ಕು. ಬೆಳಿಗ್ಗೆ ಖಾಲಿ ಹೊಟ್ಟೆ, ಬರೀ ನೀರು, ಅರ್ಧ ಗಂಟೆ ಏನೂ ತಿನ್ನುವಂತಿಲ್ಲ, ಒರಗುವಂತಿಲ್ಲ. ಎದ್ದ ಕೂಡಲೇ ಕಾಫಿ ಬೇಕೆನ್ನುವ ಮನೆಗಳಲ್ಲಿ ಈ ಅರ್ಧ ಗಂಟೆಯೇ ದೊಡ್ಡ ತಪಸ್ಸು. ಆಗದವರು ಡಾಕ್ಟರಿಗೆ ಹೇಳಿದರೆ ವರ್ಷಕ್ಕೊಮ್ಮೆ ಕೊಡುವ ಇಂಜೆಕ್ಷನ್ ಇದೆ. ಕಬ್ಬಿಣಾಂಶದ ಮಾತ್ರೆಯಿಂದ ಉರಿ ಬಂದರೆ ಅದನ್ನು ಊಟವಾದ ಮೇಲೆ ಅಥವಾ ದಿನ ಬಿಟ್ಟು ದಿನ ತಗೊಳ್ಳಬಹುದೇ ಎಂದು ಡಾಕ್ಟರನ್ನು ಕೇಳಬೇಕು. ನುಗ್ಗೆಸೊಪ್ಪು, ಹರಿವೆ ತಿನ್ನಿ, ಒಳ್ಳೆಯದೇ. ಆದರೆ ಹಿಮೋಗ್ಲೋಬಿನ್ ತೀರಾ ಇಳಿದವರಿಗೆ ಸೊಪ್ಪೊಂದೇ ಸಾಕಾಗುವುದಿಲ್ಲ.

ಎರಡನೆಯ ಪಾಲು ನೋವಿನ ಮಾತ್ರೆಗಳದು: ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸೆಕ್ಲೋಫೆನಾಕ್. ಅಡಿಕೆ ಕೊನೆ ಕೊಯ್ಲಿನ ಕಾಲಕ್ಕೆ ಸೊಂಟ, ಭುಜದ ನೋವಿಗೆ ಜನ ಇವನ್ನು ಬಟಾಣಿ ತಿಂದಂತೆ ತಿನ್ನುತ್ತಾರೆ. "ನಾನು ಬರೀ ಪ್ಯಾರಾಸಿಟಮಾಲ್ ತಗೊಳ್ಳೋದು" ಎನ್ನುವವರ ಸ್ಟ್ರಿಪ್ ತಿರುಗಿಸಿ ನೋಡಿದರೆ ಅದರಲ್ಲಿ ಅಸೆಕ್ಲೋಫೆನಾಕ್ ಕೂಡ ಸೇರಿರುತ್ತದೆ. ಸ್ಟ್ರಿಪ್‌ನ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಲೇಬೇಕು. ಬರೀ ಪ್ಯಾರಾಸಿಟಮಾಲ್ 500 ಮಿ.ಗ್ರಾಂ ಆರು ಗಂಟೆಗೊಮ್ಮೆ ಹೊಟ್ಟೆಗೆ ಹಗುರ. ಕುಡಿಯುವ ಅಭ್ಯಾಸ ಅಥವಾ ಲಿವರ್ ತೊಂದರೆ ಇದ್ದವರು ಕೇಳದೆ ತಗೊಳ್ಳಬಾರದು. ಒಂದೇ ಮಂಡಿಯ ನೋವಾದರೆ ಡೈಕ್ಲೋಫೆನಾಕ್ ಜೆಲ್ ಹಚ್ಚಿ, ಬೇರೆ ಹೊತ್ತಿನಲ್ಲಿ ಬಿಸಿನೀರಿನ ಶಾಖ ಕೊಡಿ. ಡಿಸೆಂಬರ್‌ನಿಂದ ಮೇ ತನಕ, ಮಂಗನ ಕಾಯಿಲೆಯ ದಿನಗಳಲ್ಲಿ, ಕಾಡಿಗೆ ಹೋಗಿ ಬಂದವರ ಜ್ವರ ಮೈಕೈನೋವಿಗೆ ಡೈಕ್ಲೋಫೆನಾಕ್ ಗುಂಪಿನ ಮಾತ್ರೆ ನಾನು ಕೊಡುವುದೇ ಇಲ್ಲ, ರಕ್ತಸ್ರಾವದ ಭಯ. ನೇರ ರಕ್ತಪರೀಕ್ಷೆಗೆ ಕಳಿಸುತ್ತೇನೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರ 75 ಮಿ.ಗ್ರಾಂ ಆಸ್ಪಿರಿನ್ ಕೂಡ ಉರಿ ತರಬಹುದು. ಅದನ್ನು ಮಾತ್ರ ತಾವಾಗಿ ನಿಲ್ಲಿಸಿದರೆ ಜೀವಕ್ಕೇ ಸಂಚಕಾರ.

ಮೂರನೆಯ ಪಾಲನ್ನು ಯಾರೂ ಅನುಮಾನಿಸುವುದಿಲ್ಲ. ಬಿಪಿಯ ಆಮ್ಲೋಡಿಪಿನ್ ಮತ್ತು ನಿಫೆಡಿಪಿನ್, ಎದೆನೋವಿನ ಐಸೋಸಾರ್ಬೈಡ್, ದಮ್ಮಿನ ಥಿಯೋಫಿಲಿನ್, ನರದ ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್. ಇವು ಸುಡುವುದಿಲ್ಲ, ಬಾಗಿಲು ಸಡಿಲಿಸುತ್ತವೆ, ಜಠರದ ಆಮ್ಲ ಮೇಲಕ್ಕೆ ಬರುತ್ತದೆ. ಉರಿ ಮಲಗಿದಾಗ, ಬಗ್ಗಿದಾಗ ಹೆಚ್ಚು, ಜೊತೆಗೆ ಹುಳಿತೇಗು. ಮಾತ್ರೆ ಶುರುವಾದ ತಿಂಗಳು ಯಾವುದು, ಉರಿ ಶುರುವಾದ ತಿಂಗಳು ಯಾವುದು ಎಂದು ಕೇಳಿ ಬರೆದುಕೊಟ್ಟರೆ ಡಾಕ್ಟರಿಗೆ ಬದಲಿ ಯೋಚಿಸಲು ಸುಲಭ. ಬಿಪಿಗೆ ಬೇರೆ ಗುಂಪಿನ ಮಾತ್ರೆಗಳು ಬೇಕಾದಷ್ಟಿವೆ.

ಔಷಧಿಯಿಲ್ಲದ ಉಪಾಯ ಚೆನ್ನಾಗಿ ಕೆಲಸ ಮಾಡುವುದು ಈ ಪಾಲಿಗೇ. ಮಂಚದ ತಲೆಕಡೆಯ ಕಾಲುಗಳಿಗೆ ಇಟ್ಟಿಗೆಯೋ ಮರದ ತುಂಡೋ ಕೊಟ್ಟು ಆರರಿಂದ ಎಂಟು ಇಂಚು ಎತ್ತರಿಸಿ. ಎರಡು ದಿಂಬು ಹಾಕಿದರೆ ಸೊಂಟದಲ್ಲಿ ಮಡಚಿ ಹೊಟ್ಟೆ ಒತ್ತುತ್ತದೆ, ಉರಿ ಹೆಚ್ಚುತ್ತದೆ. ಎಡಮಗ್ಗುಲಲ್ಲಿ ಮಲಗಿ. ರಾತ್ರಿ ಊಟಕ್ಕೂ ನಿದ್ದೆಗೂ ಮೂರು ಗಂಟೆ ಬಿಡಿ. ಕವಳಕ್ಕೆ, ಅಂದರೆ ಎಲೆಅಡಿಕೆಗೆ, ಹೊಗೆಸೊಪ್ಪು ಹಾಕುವವರ ಬಾಗಿಲನ್ನು ನಿಕೋಟಿನ್ ಇನ್ನಷ್ಟು ಸಡಿಲ ಮಾಡುತ್ತದೆ.

ಅಡುಗೆಮನೆಯ ಮದ್ದಿನಲ್ಲಿ ನಾನು ಹೇಳುವುದು ಎರಡೇ. ಎರಡು ಚಮಚ ಕೊತ್ತಂಬರಿ ಬೀಜ, ಒಂದು ಚಮಚ ಜೀರಿಗೆ ಜಜ್ಜಿ ಎರಡು ಲೋಟ ನೀರಿನಲ್ಲಿ ಒಂದು ಲೋಟಕ್ಕೆ ಇಳಿಯುವಂತೆ ಕುದಿಸಿದ ಕಷಾಯ, ಉಗುರುಬೆಚ್ಚಗೆ. ಮನೆಯ ಕಷಾಯದ ಪುಡಿ ಬೇಡ, ಅದರಲ್ಲಿ ಕಾಳುಮೆಣಸು ಇರುತ್ತದೆ. ಇನ್ನೊಂದು, ಹುಳಿಯಾಗದ ತೆಳು ಮಜ್ಜಿಗೆಯ ಒಂದೆಲಗದ ತಂಬುಳಿ, ಮೆಣಸು ಹಾಕದೆ. ಇವು ಹಿತ ಕೊಡುತ್ತವೆ, ಹುಣ್ಣು ಮಾಯಿಸುತ್ತವೆ ಎನ್ನುವ ಭರವಸೆ ನಾನು ಕೊಡುವುದಿಲ್ಲ. ಮುರುಗಲು ಹಣ್ಣಿನ ಪಾನಕ ಪಿತ್ತಕ್ಕೆ ಒಳ್ಳೆಯದೆಂಬ ನಂಬಿಕೆ ಇದೆ, ಆದರೆ ಅನ್ನನಾಳ ಹುಣ್ಣಾಗಿದ್ದಾಗ ಹುಳಿ ಹುಳಿಯೇ. ಪುದೀನ ಬಾಗಿಲನ್ನು ಸಡಿಲಿಸುತ್ತದೆ. ಜ್ಯೇಷ್ಠಮಧು ಹೆಚ್ಚು ದಿನ ತಿಂದರೆ ಬಿಪಿ ಏರುತ್ತದೆ, ಪೊಟ್ಯಾಶಿಯಂ ಇಳಿಯುತ್ತದೆ. ಎಳನೀರು ಕಿಡ್ನಿ ತೊಂದರೆಯವರಿಗೆ ಬೇಡ. ಸೋಡಾಪುಡಿಯ ಪಾನೀಯದಲ್ಲಿ ಸೋಡಿಯಂ ತುಂಬಿದೆ, ಬಿಪಿಯವರಿಗೆ ದಿನಾ ಕೊಡುವುದಿಲ್ಲ.

ಎದೆಯುರಿಯ ಜೊತೆ ಬೆವರು, ದವಡೆಗೋ ಎಡಗೈಗೋ ಹರಿಯುವ ನೋವು ಇದ್ದರೆ ಯಾವ ಮಾತ್ರೆಯನ್ನೂ ಕೊಡದೆ ಇಸಿಜಿಗೆ ಕಳಿಸುತ್ತೇನೆ. ಅನ್ನ ಇಳಿಯದಿರುವುದು, ತೂಕ ಇಳಿಯುವುದು, ರಕ್ತವಾಂತಿ ಕಂಡರೆ ಎಂಡೋಸ್ಕೋಪಿ ಬೇಕೇಬೇಕು. ಕಪ್ಪು ಮಲ ಕಬ್ಬಿಣಾಂಶದ ಮಾತ್ರೆಯಿಂದಲೂ ಬರುತ್ತದೆ. ಡಾಂಬರಿನ ಹಾಗೆ ಅಂಟಂಟಾಗಿ, ಕೆಟ್ಟ ವಾಸನೆಯಿದ್ದರೆ ಅದು ರಕ್ತ.

ಪ್ಯಾಂಟೊಪ್ರಜೋಲ್ 40 ಬೇಕೇ ಬೇಕಾದವರು ತಿಂಡಿಗೆ ಅರ್ಧ ಗಂಟೆ ಮುಂಚೆ ತಗೊಳ್ಳಬೇಕು, ಉಂಡ ಮೇಲೆ ನುಂಗಿದರೆ ಪೂರ್ತಿ ಫಲ ಸಿಗುವುದಿಲ್ಲ. ತಿಂಗಳುಗಟ್ಟಲೆ ತಗೊಂಡು ಥಟ್ಟನೆ ಬಿಟ್ಟರೆ ಆಮ್ಲ ಮೊದಲಿಗಿಂತ ಜೋರಾಗಿ ಉಕ್ಕುತ್ತದೆ, ಜನ ಅದನ್ನೇ ಕಾಯಿಲೆ ತಿರುಗಿ ಬಂತೆಂದು ತಿಳಿದು ಮತ್ತೆ ಶುರುಮಾಡುತ್ತಾರೆ. ಡಾಕ್ಟರು ಒಪ್ಪಿದರೆ 40ರಿಂದ 20ಕ್ಕೆ, ಆಮೇಲೆ ದಿನ ಬಿಟ್ಟು ದಿನ, ಹೀಗೆ ವಾರಗಟ್ಟಲೆ ನಿಧಾನವಾಗಿ ಇಳಿಸಬೇಕು. ಆ ವಾರಗಳಲ್ಲಿ ರಾತ್ರಿ ಗಂಜಿ, ತಲೆಕಡೆಗೆ ಇಟ್ಟಿಗೆ, ತೀರಾ ತಡೆಯದಿದ್ದರೆ ಒಂದು ಚಮಚ ಆಂಟಾಸಿಡ್. ಥೈರಾಯ್ಡ್ ಮಾತ್ರೆ ತಗೊಳ್ಳುವವರು ಅದಕ್ಕೂ ಆಂಟಾಸಿಡ್‌ಗೂ ನಾಲ್ಕು ಗಂಟೆ ಬಿಡಬೇಕು.