ಐವತ್ತು ರೂಪಾಯಿಯ ನಿತ್ಯಪುಷ್ಪ

ನನ್ನ ತಮ್ಮನ ಮಗಳಿಗೆ ರಕ್ತದ ಕ್ಯಾನ್ಸರ್ ಬಂದಾಗ ನಾಲ್ಕು ವರ್ಷ. ಚಿಕಿತ್ಸೆ ಎರಡೂವರೆ ವರ್ಷ ನಡೆಯಿತು. ಅವಳಿಗೆ ಕೊಡುತ್ತಿದ್ದ ಮದ್ದುಗಳಲ್ಲಿ ಒಂದು ವಿನ್‌ಕ್ರಿಸ್ಟಿನ್. ನಮ್ಮ ಕಾಂಪೌಂಡ್ ಪಕ್ಕ ತಾನಾಗಿ ಬೆಳೆಯುವ ನಿತ್ಯಪುಷ್ಪದಿಂದ ತೆಗೆಯುವ ಮದ್ದು ಅದು. ಕೆಲವರು ಕಾಶಿಕಣಗಿಲೆ ಅಂತಾರಲ್ವಾ, ಅದೇ ಗಿಡ. ಇದನ್ನು ಹೇಳಿದಾಗ ಅವಳು ಕೇಳಿದ್ದು ಒಂದೇ: "ಅತ್ತೆ, ಹೂವಿಗೆ ನೋವಾಯ್ತಾ?"

ಅವಳ ಹೆಸರಲ್ಲಿ ಸಂಶೋಧನೆಗೆ ದುಡ್ಡು ಕೂಡಿಸೋಣ ಅಂದಾಗ ಮೊದಲು ಬಂದದ್ದು ಪಾನಕದ ಯೋಚನೆ. ಕ್ಯಾನ್ಸರ್ ಇದ್ದ ಅಮೆರಿಕದ ಅಲೆಕ್ಸ್ ಸ್ಕಾಟ್ ಎಂಬ ಹುಡುಗಿ 2000ದಲ್ಲಿ, ನಾಲ್ಕನೇ ವಯಸ್ಸಿಗೆ, ಮನೆ ಮುಂದೆ ನಿಂಬೆ ಪಾನಕ ಮಾರಿ ಎರಡು ಸಾವಿರ ಡಾಲರ್ ಕೂಡಿಸಿದ್ದಳು. ಆದರೆ ಮಕ್ಕಳ ಕ್ಯಾನ್ಸರ್ ಜಾಗೃತಿಯ ತಿಂಗಳು ಸೆಪ್ಟೆಂಬರ್. ಮೈಸೂರಿನ ಆ ಮಳೆಯಲ್ಲಿ ಪಾನಕ ಯಾರು ಕುಡೀತಾರೆ? ನಿತ್ಯಪುಷ್ಪದ ಸಸಿ ಮಾರಿದೆವು.

ಬೀಜ ಬಿತ್ತುವ ಮುಂಚೆ ದುಡ್ಡು ಎಲ್ಲಿಗೆ ಹೋಗಬೇಕು ಅಂತ ತೀರ್ಮಾನಿಸಿ. "ಕ್ಯಾನ್ಸರ್ ಮಕ್ಕಳಿಗೆ" ಅಂತಷ್ಟೇ ಬರೆದು ಕೊಟ್ಟರೆ ಅದು ಊಟ, ಔಷಧಿಯ ಖರ್ಚಿಗೆ ಹೋಗಬಹುದು. ಅದೂ ಬೇಕಾದದ್ದೇ. ಸಂಶೋಧನೆಗೇ ಹೋಗಬೇಕು ಅಂದರೆ ಪತ್ರದಲ್ಲಿ ಹಾಗೇ ಬರೆದು, ಒಪ್ಪಿಗೆಯನ್ನೂ ಬರಹದಲ್ಲೇ ತಗೊಳ್ಳಿ. ಮೊದಲ ವರ್ಷ ನಾವು ಸುಮ್ನೆ ಕಳಿಸಿಬಿಟ್ಟೆವು. ರಸೀದಿಯಲ್ಲಿ "ಸಾಮಾನ್ಯ ನಿಧಿ" ಅಂತ ಬಂತು. ತಪ್ಪು ನಮ್ಮದೇ. ಬೆಂಗಳೂರಿನ ಕಿದ್ವಾಯಿ, ಮುಂಬೈನ ಟಾಟಾ ಮೆಮೋರಿಯಲ್‌ನಂಥ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಮಕ್ಕಳ ವಿಭಾಗವೇ ಇದೆ. ಈಗ ಯಾವ ಅಧ್ಯಯನ ನಡೀತಿದೆ ಅಂತ ಕೇಳಿ.

ಇನ್ನು ಸಸಿ. ಈ ಗಿಡದ ಕಾಯಿ ಜೋಡಿ ಜೋಡಿಯಾಗಿ ಬಿಡುತ್ತೆ, ಸಣ್ಣ ಹುರುಳಿಕಾಯಿ ಥರ. ಹಳದಿಗೆ ತಿರುಗಿದ ಕೂಡಲೇ ಕೀಳಿ, ತಡಮಾಡಿದರೆ ಸಿಡಿದು ಕಪ್ಪು ಬೀಜ ಚೆಲ್ಲಿಹೋಗುತ್ತೆ. ಅರ್ಧ ಲೀಟರ್ ಹಾಲಿನ ಕವರಿನ ಬಾಯಿ ಕತ್ತರಿಸಿ, ತಳದಲ್ಲಿ ಮೂರು ತೂತು ಮಾಡಿ. ಮರಳು ಬೆರೆಸಿದ ಮಣ್ಣು ತುಂಬಿ, ಬೀಜದ ಮೇಲೆ ತೆಳ್ಳಗೆ ಮಣ್ಣು ಮುಚ್ಚಿ. ಕತ್ತಲಿದ್ದರೇ ಇದು ಚೆನ್ನಾಗಿ ಮೊಳೆಯೋದು. ಜೂನ್ ಮೊದಲ ವಾರ ಬಿತ್ತಿದರೆ ಸೆಪ್ಟೆಂಬರ್‌ಗೆ ಹೂ. ಮಳೆಗೆ ಇಟ್ಟರೆ ಬುಡ ಕೊಳೆಯುತ್ತೆ. ನಮ್ಮವು ನಲವತ್ತು ಹಾಗೇ ಹೋದವು. ಉಳಿದ ನೂರಾ ನಲವತ್ತನ್ನು ಐವತ್ತು ರೂಪಾಯಿಯಂತೆ ಮಾರಿದೆವು.

ಕೊಳ್ಳುವವರಿಗೆ ಒಂದು ಮಾತು ಹೇಳಲೇಬೇಕು: ಎಲೆ ತಿನ್ನಬೇಡಿ, ಅರೆದು ಕುಡಿಯಬೇಡಿ, ವಿಷ. "ಶುಗರ್‌ಗೆ ಒಳ್ಳೇದಂತೆ" ಅಂತ ಬಂದವರು ಮೂವರು! ಟನ್‌ಗಟ್ಟಲೆ ಎಲೆಯಿಂದ ಕೆಲವೇ ಗ್ರಾಂ ವಿನ್‌ಕ್ರಿಸ್ಟಿನ್ ಸಿಗೋದು, ಅದನ್ನೂ ಅಳೆದು ಕೊಡಬೇಕು.

ಲೆಕ್ಕಕ್ಕೆ ಒಂದು ನೋಟ್‌ಬುಕ್ ಸಾಕು. ಜಾಸ್ತಿ ಕೊಡುವವರು ಇದ್ದರೆ ನಿಮ್ಮ ಕೈಗೆ ತಗೋಬೇಡಿ, ಪ್ಯಾನ್ ನಂಬರ್ ಜೊತೆ ನೇರವಾಗಿ ಸಂಸ್ಥೆಗೇ ಹಾಕಿಸಿ. ಆಗ ಮಾತ್ರ ಅವರ ಹೆಸರಿಗೆ ಆದಾಯ ತೆರಿಗೆ ವಿನಾಯಿತಿಯ ರಸೀದಿ ಬರೋದು. ಎರಡು ಸಾವಿರ ದಾಟಿದ ನಗದಿಗೆ ಆ ವಿನಾಯಿತಿ ಇಲ್ಲ. ಅಮೆರಿಕದ ಪಾಸ್‌ಪೋರ್ಟ್ ಇರುವ ನೆಂಟರ ದುಡ್ಡನ್ನು ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ಅನುಮತಿ ಇರುವ ಸಂಸ್ಥೆ ಮಾತ್ರ ತಗೋಬಹುದು.

ಪೋಸ್ಟರ್‌ಗೆ ಮಗುವಿನ ಬೋಳು ತಲೆಯ ಫೋಟೋ ಹಾಕಿ, ದುಡ್ಡು ಬೇಗ ಬರುತ್ತೆ ಅಂದರು ಒಬ್ಬರು. ಅವಳನ್ನೇ ಕೇಳಿದೆ. "ಬೇಡ ಅತ್ತೆ, ಹೂವು ನಾನೇ ಬರೀತೀನಿ" ಅಂದಳು. ನಿತ್ಯಪುಷ್ಪಕ್ಕೆ ಐದು ಎಸಳು. ಅವಳು ಆರು ಬರೆದಳು. ಅದನ್ನೇ ಪ್ರಿಂಟ್ ಹಾಕಿಸಿದೆವು.